ಕಳ್ಳರಿಲ್ಲದ ಕಳವು

ಮೇ ತಿಂಗಳ ಕೊನೆಯಲ್ಲಿ ಶಾಲೆಗಳು ಮತ್ತೆ ಬಾಗಿಲು ತೆರೆಯುತ್ತವೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಅದು ಮಳೆಗಾಲಕ್ಕೆ ಸಿದ್ಧವಾಗುವ ಹೊತ್ತು. ಅಂಗಳದ ಚಪ್ಪರ ಬಿಚ್ಚುವುದು, ಒಣಗಿದ ಕಟ್ಟಿಗೆಯನ್ನು ಒಳಗೆ ಸೇರಿಸುವುದು, ಅಡಿಕೆಯ ಕೊಳೆರೋಗಕ್ಕೆಂದು ಸುಣ್ಣ, ಮೈಲುತುತ್ತ ತಂದಿಡುವುದು, ಹೀಗೆ ಮನೆಮಂದಿಗೆಲ್ಲ ಕೈತುಂಬ ಕೆಲಸ. ಅದೇ ದಿನಗಳಲ್ಲಿ ಹಳ್ಳಿಯ ಪ್ರೌಢಶಾಲೆಯಲ್ಲಿ ಮಾಸ್ತರು ಹೊಸ ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರನ್ನು ಕೂಗುತ್ತಾರೆ. ಒಂಬತ್ತನೆಯ ತರಗತಿಗೆ ಬರಬೇಕಾಗಿದ್ದ ಒಂದು ಹೆಸರಿಗೆ ಓಗೊಡುವವರಿಲ್ಲ. ಎಲ್ಲಿ ಹೋದಳು ಎಂದು ಕೇಳಿದರೆ, ದೊಡ್ಡಮ್ಮನ ಮನೆಗೆ ಹೋಗಿದ್ದಾಳಂತೆ ಎಂದು ಒಬ್ಬಳು. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದಳಂತೆ ಎಂದು ಇನ್ನೊಬ್ಬಳು. ಇಲ್ಲ, ಬೆಂಗಳೂರಿಗೆ ಹೋದಳಂತೆ ಎಂದು ಮತ್ತೊಬ್ಬಳು. ಎಲ್ಲವೂ ‘ಅಂತೆ’. ವಾರ ಕಳೆಯುವಷ್ಟರಲ್ಲಿ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತವೆ. ಅಷ್ಟರಲ್ಲಿ ಮಳೆಯೂ ಹಿಡಿದಿರುತ್ತದೆ.

ಹೀಗೆ ಕಾಣೆಯಾಗುವವರಲ್ಲಿ ಹೆಚ್ಚಿನವರು ಕ್ಷೇಮವಾಗಿಯೇ ಇರುತ್ತಾರೆಂದು ನಂಬಬಹುದು. ನಿಜವಾಗಿಯೂ ದೊಡ್ಡಮ್ಮನ ಮನೆಯಲ್ಲಿಯೇ ಇರುತ್ತಾರೆ. ತೊಡಕು ಇರುವುದೂ ಅಲ್ಲಿಯೇ. ಕ್ಷೇಮವಾಗಿರುವ ಹತ್ತು ಹುಡುಗಿಯರ ಮರೆಯಲ್ಲಿ, ಕ್ಷೇಮವಾಗಿರದ ಹನ್ನೊಂದನೆಯವಳು ಯಾರ ಕಣ್ಣಿಗೂ ಬೀಳದೆ ಜಾರಿಹೋಗುತ್ತಾಳೆ.

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಹೆದ್ದಾರಿಯನ್ನು ಇಡಗುಂದಿಯಲ್ಲಿ ಬಿಟ್ಟು ಒಳಕ್ಕೆ ಹೊರಳಿದರೆ ವಜ್ರಳ್ಳಿ ಸಿಗುತ್ತದೆ. ಸುತ್ತಲೂ ಕಾಡು, ಕಾಡಿನ ಸಂದುಗಳಲ್ಲಿ ಅಡಿಕೆಯ ತೋಟ, ತೋಟದ ತಲೆಯ ಮೇಲೊಂದು ಮನೆ. ಒಂದು ಮನೆಗೂ ಮತ್ತೊಂದಕ್ಕೂ ನಡುವೆ ಹಳ್ಳವೋ ಗುಡ್ಡವೋ ಇದ್ದೇ ಇರುತ್ತದೆ. ವಜ್ರಳ್ಳಿಯಲ್ಲಿ ಯಾವುದೋ ಅನಾಹುತ ನಡೆಯಿತೆಂದು ನಾನು ಹೇಳಹೊರಟಿಲ್ಲ. ಆದರೆ ಹೆಣ್ಣುಮಕ್ಕಳ ಸಾಗಾಣಿಕೆಯ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಂಬಯಿಯ ಬೀದಿ, ರೈಲು ನಿಲ್ದಾಣ, ಸಿನಿಮಾದ ಖಳನಾಯಕ. ಆ ವ್ಯಾಪಾರದ ತುದಿ ಅಲ್ಲಿರಬಹುದು. ಬುಡ ಇರುವುದು ಇಂಥ ತಣ್ಣನೆಯ ಊರುಗಳಲ್ಲಿ. ಮನೆಗಳು ದೂರ ದೂರ, ಹತ್ತನೆಯ ತರಗತಿಯ ಮೇಲಿನ ಓದಿಗೆ ಪೇಟೆಯೇ ಗತಿ, ಸಂಜೆಯ ಬಸ್ಸು ತಪ್ಪಿದರೆ ಕಾಲ್ನಡಿಗೆ. ಇಂಥ ಕಡೆ ಬಡಮನೆಯ ಹುಡುಗಿ ಓದು ಬಿಡುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಓದು ಬಿಟ್ಟಳೆಂದರೆ ‘ಮುಂದೇನು?’ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಹಿಡಿದುಕೊಂಡೇ ಒಬ್ಬ ಮನುಷ್ಯ ಬರುತ್ತಾನೆ.

ಒಂದು ಪದದ ತಪ್ಪು

ಕನ್ನಡವನ್ನು ಪಾಠ ಹೇಳುವವನಾದ್ದರಿಂದ ಪದಗಳ ಗೊಡವೆ ನನಗೆ ತಪ್ಪಿದ್ದಲ್ಲ. ಸರಕಾರಿ ಕಾಗದಪತ್ರಗಳಲ್ಲಿ ಈ ಪಾತಕಕ್ಕೆ ‘ಮಾನವ ಸಾಗಾಣಿಕೆ’ ಎಂಬ ಹೆಸರಿದೆ. ಪತ್ರಿಕೆಗಳು ಹೆಚ್ಚಾಗಿ ‘ಕಳ್ಳಸಾಗಣೆ’ ಎನ್ನುತ್ತವೆ. ಸಾಗಾಣಿಕೆ ಎಂಬ ಮಾತು ನಾಟಾ, ಅಡಿಕೆ, ಗೊಬ್ಬರಗಳಿಗೆ ಸಲ್ಲುವಂಥದು. ಹುಡುಗಿಯೊಬ್ಬಳಿಗೆ ಅದನ್ನು ಹಚ್ಚಿದಾಗ ಕಿವಿಗೆ ಕರ್ಕಶವಾದರೂ ಅರ್ಥ ಸರಿಯಾಗಿಯೇ ಇದೆ. ಅವಳನ್ನು ಸರಕನ್ನಾಗಿ ಮಾಡಿದ್ದಾರೆಂದೇ ತಾನೆ ನಾವು ಹೇಳಬೇಕಾದುದು? ನನ್ನ ತಕರಾರು ಇರುವುದು ‘ಕಳ್ಳ’ ಎಂಬ ವಿಶೇಷಣದ ಮೇಲೆ. ಆ ಎರಡಕ್ಷರ ನಮ್ಮನ್ನು ಬಹಳ ಕಾಲದಿಂದ ದಾರಿ ತಪ್ಪಿಸಿದೆ. ಕಳ್ಳ ಎಂದೊಡನೆ ನಾವು ರಾತ್ರಿಯನ್ನು ಕಾಯುತ್ತೇವೆ, ಅಪರಿಚಿತನನ್ನು ಕಾಯುತ್ತೇವೆ, ಮುಖಕ್ಕೆ ಬಟ್ಟೆ ಕಟ್ಟಿದವನನ್ನು ಕಾಯುತ್ತೇವೆ. ಹುಡುಗಿಯಾದರೋ ಹಗಲು ಹೊತ್ತಿನಲ್ಲಿ, ತಲೆ ಬಾಚಿ ಹೂ ಮುಡಿದು, ಟಿಕೀಟು ತೆಗೆಸಿ ಬಸ್ಸಿನಲ್ಲಿ ಕುಳಿತು ಹೋಗುತ್ತಾಳೆ. ಬಸ್ಸಿನ ಬಳಿ ನಿಂತು ಕೈ ಬೀಸುತ್ತಿರುವವಳು ಅವಳ ತಾಯಿಯೇ ಆಗಿರುತ್ತಾಳೆ. ಪಕ್ಕದಲ್ಲಿ ಕುಳಿತವನನ್ನು ಹುಡುಗಿ ‘ಮಾವ’ ಎಂದು ಕರೆಯುತ್ತಾಳೆ. ಇಲ್ಲಿ ಕಳವಾಯಿತೆಂದು ಕೂಗುವವರು ಯಾರು?

ಕಾನೂನಾದರೂ ಈ ಹಗಲಿನ ವ್ಯವಹಾರವನ್ನು ಚೆನ್ನಾಗಿ ಬಲ್ಲುದು. ವಿಶ್ವಸಂಸ್ಥೆ 2000ದಲ್ಲಿ ಸಿದ್ಧಪಡಿಸಿದ ಪಲೆರ್ಮೊ ಒಪ್ಪಂದವನ್ನು ಭಾರತ 2011ರಲ್ಲಿ ಅನುಮೋದಿಸಿತು. ದೆಹಲಿಯ ಆ ಭೀಕರ ಪ್ರಕರಣದ ನಂತರ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿ ಬಂದ ಮೇಲೆ, 2013ರಲ್ಲಿ ದಂಡಸಂಹಿತೆಯ 370ನೆಯ ಕಲಮನ್ನು ಹೊಸದಾಗಿ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಷಯ 143ನೆಯ ಕಲಮಿನಲ್ಲಿದೆ. ಶೋಷಣೆಯ ಉದ್ದೇಶದಿಂದ ಒಬ್ಬ ವ್ಯಕ್ತಿಯನ್ನು ಗೊತ್ತುಮಾಡುವವನು, ಸಾಗಿಸುವವನು, ಇಟ್ಟುಕೊಳ್ಳುವವನು, ಕೈ ಬದಲಾಯಿಸುವವನು, ಸ್ವೀಕರಿಸುವವನು, ಎಲ್ಲರೂ ಅಪರಾಧಿಗಳೇ. ಬೆದರಿಕೆ, ಬಲಾತ್ಕಾರಗಳ ಜೊತೆಗೆ ಮೋಸ, ಆಮಿಷಗಳನ್ನೂ ಕಾನೂನು ಎಣಿಸಿದೆ; ಆ ವ್ಯಕ್ತಿಯ ಮೇಲೆ ಹಿಡಿತವುಳ್ಳವರಿಗೆ ಹಣಕೊಟ್ಟು ಒಪ್ಪಿಗೆ ಪಡೆಯುವುದೂ ಅದರಲ್ಲಿ ಸೇರಿದೆ. ಎಂದರೆ ತಂದೆಯ ಕೈಗೆ ಇಟ್ಟ ಮುಂಗಡವೇ ಅಪರಾಧದ ಒಂದು ಅಂಗ. ಸಾಗಿಸಲ್ಪಟ್ಟವಳು ‘ನಾನೇ ಒಪ್ಪಿ ಬಂದೆ’ ಎಂದರೂ ಆ ಒಪ್ಪಿಗೆಗೆ ಬೆಲೆಯಿಲ್ಲವೆಂದು ಕಲಮು ಸ್ಪಷ್ಟವಾಗಿ ಹೇಳಿದೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು.

ಮೂರು ಮುಖಗಳು

ಬರುವ ಮನುಷ್ಯನಿಗೆ ಮೂರು ಮುಖ. ಮೊದಲನೆಯದು ಕೆಲಸ ಕೊಡಿಸುವವನದು. ಇವನು ಬಹುಮಟ್ಟಿಗೆ ಊರಿನ ನಂಟುಳ್ಳವನೇ. ಪೇಟೆಯಲ್ಲಿ ನಾಲ್ಕು ವರ್ಷ ಇದ್ದು, ಹಬ್ಬಕ್ಕೆ ಬರುವಾಗ ಹೊಸ ಅಂಗಿ ತೊಟ್ಟು, ಮಕ್ಕಳ ಕೈಗೆ ಪೆಪ್ಪರಮೆಂಟು ಕೊಟ್ಟವನು. ಗಾರ್ಮೆಂಟ್ಸಿನಲ್ಲಿ, ಅಂಗಡಿಯಲ್ಲಿ, ‘ಒಳ್ಳೆಯವರ ಮನೆಯಲ್ಲಿ’ ಜಾಗವಿದೆ ಎನ್ನುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಅವನ ಮಾತು ದಿಟವೂ ಆಗಿರಬಹುದು; ಆ ಒಂಬತ್ತರ ಸಾಕ್ಷ್ಯದ ಮೇಲೆಯೇ ಹತ್ತನೆಯದು ನಡೆಯುವುದು.

ಎರಡನೆಯ ಮುಖ ಹೊಸದು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಉತ್ತರ ಕನ್ನಡದ ಗುಡ್ಡಗಳ ನೆತ್ತಿಯ ಮೇಲೆ, ಸಿಗ್ನಲ್ ಸಿಗುವ ಜಾಗಗಳಲ್ಲಿ, ಮಕ್ಕಳು ಕೊಡೆ ಹಿಡಿದು ಪಾಠ ಕೇಳುತ್ತಿದ್ದ ಚಿತ್ರಗಳನ್ನು ಓದುಗರು ಮರೆತಿರಲಾರರು. ಪಾಠ ಶಾಲೆಗೆ ಮರಳಿತು. ಮೊಬೈಲು ಕೈಯಲ್ಲಿಯೇ ಉಳಿಯಿತು. ಮೊಬೈಲನ್ನು ಬೈಯುವುದು ನನ್ನ ಉದ್ದೇಶವಲ್ಲ. ಆಪತ್ತಿನಲ್ಲಿ ಹುಡುಗಿಗೆ ನೆರವಾಗುವುದೂ ಅದೇ. ಆದರೆ ಮನೆಯಲ್ಲಿ ಯಾರೂ ‘ಊಟವಾಯಿತೆ?’ ಎಂದು ಕೇಳದ ಹುಡುಗಿಗೆ, ದಿನವೂ ರಾತ್ರಿ ಅದನ್ನು ಕೇಳುವ ಒಬ್ಬ ಅಪರಿಚಿತ ಇನ್‌ಸ್ಟಾಗ್ರಾಮಿನಲ್ಲಿ ದೊರೆಯುತ್ತಾನೆ. ಮೂರು ತಿಂಗಳು ಅವನು ಕೇಳುವುದು ಅಷ್ಟೇ. ನಾಲ್ಕನೆಯ ತಿಂಗಳು ಒಂದು ಭಾವಚಿತ್ರ ಕೇಳುತ್ತಾನೆ. ಅದನ್ನು ಕಳಿಸಿದ ಮೇಲೆ ಅವನ ದನಿ ಬದಲಾಗುತ್ತದೆ. ಅವಳು ಮನೆ ಬಿಡುವುದು ಅರ್ಧ ಮೋಹದಿಂದ, ಅರ್ಧ ಹೆದರಿಕೆಯಿಂದ. ಅಂಥವಳ ಬಗ್ಗೆ ‘ಓಡಿಹೋದಳು’ ಎಂಬ ಒಂದೇ ಮಾತಿನಲ್ಲಿ ಊರು ಲೆಕ್ಕ ಮುಗಿಸಿಬಿಡುತ್ತದೆ.

ಮೂರನೆಯ ಮುಖ ಮದುವೆಯ ದಲ್ಲಾಳಿಯದು. ಇದರ ಬಗೆಗೆ ತುಸು ವಿವರವಾಗಿ ಹೇಳಬೇಕು. 2011ರ ಜನಗಣತಿಯಲ್ಲಿ, ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಹರಿಯಾಣದಲ್ಲಿ ಇದ್ದ ಹೆಣ್ಣುಮಕ್ಕಳು 834, ರಾಜಸ್ಥಾನದಲ್ಲಿ 888, ಗುಜರಾತಿನಲ್ಲಿ 890. ಕರ್ನಾಟಕದಲ್ಲಿ 948. ಹುಟ್ಟುವ ಮೊದಲೇ ಹೆಣ್ಣನ್ನು ಅಳಿಸಿಹಾಕಿದ ಸೀಮೆಗಳಲ್ಲಿ ಮದುವೆಯ ವಯಸ್ಸಿನ ಗಂಡಸರು ಹೆಣ್ಣು ಕಾಣದೆ ಉಳಿದರು. ಆಗ ಹೆಣ್ಣು ಬಂದುದು ಬಡರಾಜ್ಯಗಳಿಂದ, ಬೆಲೆಗೆ. ಹರಿಯಾಣದಲ್ಲಿ ಅಂಥ ಹೆಂಡತಿಯನ್ನು ‘ಮೋಲ್ಕಿ’ ಎಂದು ಕರೆಯುತ್ತಾರೆ; ಕೊಂಡು ತಂದವಳು ಎಂದು ಅದರ ಅರ್ಥ. ಹತ್ತು ವರ್ಷ ಸಂಸಾರ ಮಾಡಿ ಮಕ್ಕಳ ತಾಯಿಯಾದರೂ ಆ ಹೆಸರು ಅವಳನ್ನು ಬಿಡುವುದಿಲ್ಲವಂತೆ. ನಮ್ಮ ಹಾವೇರಿ, ಧಾರವಾಡಗಳ ಕಡೆಯ ಬಡಕುಟುಂಬಗಳ ಹುಡುಗಿಯರನ್ನೂ ಹೀಗೆ ದಲ್ಲಾಳಿಗಳ ಮೂಲಕ ಉತ್ತರದ ಸೀಮೆಗಳಿಗೆ ಕೊಟ್ಟದ್ದುಂಟು. ‘ಗುಜ್ಜರ್ ಮದುವೆ’ ಎಂದು ಅದಕ್ಕೆ ಹೆಸರೇ ಬಿದ್ದಿದೆ. ವರದಕ್ಷಿಣೆ ಬೇಡ, ಮದುವೆಯ ಖರ್ಚು ನಮ್ಮದು, ಮೇಲೆ ನಿಮ್ಮ ಕೈಗೆ ಇಷ್ಟು ಎಂದರೆ, ಮೂರು ಹೆಣ್ಣುಮಕ್ಕಳ ತಂದೆಗೆ ಅದು ದೇವರು ಕಳಿಸಿದ ಸಂಬಂಧದಂತೆ ಕಾಣುತ್ತದೆ. ಹುಡುಗಿಯಾದರೋ ಭಾಷೆ ಬಾರದ ಊರಿನಲ್ಲಿ, ರೊಟ್ಟಿಯ ರುಚಿಯೇ ಬೇರೆಯಾದ ಮನೆಯಲ್ಲಿ, ಹಿಂತಿರುಗುವ ದಾರಿ ತಿಳಿಯದೆ ನಿಲ್ಲುತ್ತಾಳೆ.

ಈ ಚಿತ್ರವನ್ನು ಓದಿ ಹರಿಯಾಣದವರನ್ನು ಹಳಿಯುವುದು ಸುಲಭ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಮೂವತ್ತೈದು, ನಲವತ್ತು ದಾಟಿದರೂ ಮದುವೆಯಾಗದ ಗಂಡುಮಕ್ಕಳು ಈಗ ಎಷ್ಟು ಮಂದಿ ಎಂಬುದನ್ನು ಆ ಕಡೆಯ ಓದುಗರೇ ಎಣಿಸಿಕೊಳ್ಳಲಿ. ಓದಿದ ಹುಡುಗಿಯರಿಗೆ ಹಳ್ಳಿ ಬೇಡವಾಗಿದೆ. ಇಲ್ಲಿಯೂ ಹೊರರಾಜ್ಯಗಳಿಂದ ಹೆಣ್ಣು ತರುವ ಮಾತು ಕೇಳಿಬರುತ್ತಿದೆ. ತಂದು ಸುಖವಾಗಿ ಬಾಳುತ್ತಿರುವವರೂ ಇದ್ದಾರೆ. ಅಂಥ ಸಂಬಂಧವನ್ನೆಲ್ಲ ಅನುಮಾನದಿಂದ ನೋಡಬೇಕೆಂದು ನಾನು ಹೇಳುವುದಿಲ್ಲ. ನಡುವೆ ಒಬ್ಬ ದಲ್ಲಾಳಿ ಹಣ ಎಣಿಸಿಕೊಳ್ಳುತ್ತಿದ್ದರೆ, ಹುಡುಗಿಯ ವಯಸ್ಸಿನ ದಾಖಲೆಯನ್ನು ಕಣ್ಣಾರೆ ನೋಡಿ, ಅವಳ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ದು, ಅವಳೊಡನೆ ಬೇರೆಯಾಗಿ ಮಾತನಾಡಿಸದೆ ಮಂಗಳಸೂತ್ರ ಕಟ್ಟಕೂಡದು ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಮದುವೆಗೆಂದು ಮಾರಲ್ಪಟ್ಟ ಅಪ್ರಾಪ್ತೆಯ ಮದುವೆ ಮದುವೆಯೇ ಅಲ್ಲವೆಂದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಕರ್ನಾಟಕವಂತೂ 2016ರ ತಿದ್ದುಪಡಿಯಿಂದ ಯಾವ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ.

ಈ ನೆಲಕ್ಕೆ ತಿಳಿದ ಕತೆ

ಮನುಷ್ಯರನ್ನು ಮಾರುವುದೆಂದರೇನೆಂಬುದು ಯಲ್ಲಾಪುರದ ಕಾಡಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಿಕರು ಆಫ್ರಿಕದವರು. ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಪೋರ್ಚುಗೀಸರು ಅವರನ್ನು ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಗುಲಾಮರನ್ನಾಗಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಈ ಕಾಡನ್ನು ಆಶ್ರಯಿಸಿದರು. ಬ್ರಿಟಿಷರ ಆಳ್ವಿಕೆಯ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಆಸರೆ ತಪ್ಪಿದುದು 1843ರಲ್ಲಿ. ಆದರೆ ಕಾಡಿಗೆ ಬಂದವರಿಗೆ ನೆಲವಿರಲಿಲ್ಲ; ಎಷ್ಟೋ ತಲೆಮಾರುಗಳು ಪರರ ತೋಟಗಳಲ್ಲಿ, ಪರರ ಕೊಟ್ಟಿಗೆಗಳಲ್ಲಿ ದುಡಿದೇ ಸವೆದವು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಉತ್ತರ ಕನ್ನಡದ ಸಿದ್ದಿಯರ ಹೆಸರು ಸೇರಿದುದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದುದು 2020ರಲ್ಲಿ. ಒಂದು ಸಲ ಮಾರಾಟವಾದ ಮನುಷ್ಯನ ಸಂತತಿ ಶಾಸನಸಭೆಯ ಮೆಟ್ಟಿಲು ಹತ್ತಲು ಹಿಡಿದ ಕಾಲವನ್ನು ಇದರಿಂದ ಅಳೆಯಬಹುದು.

ಇಂದು ಕಾಡಂಚಿನ ಸಿದ್ದಿ, ಗೌಳಿ, ಕುಣಬಿ ಮನೆಗಳ ಹುಡುಗಿಯರು ಪಾಟಿಚೀಲ ಹೊತ್ತು ಮೈಲಿಗಟ್ಟಲೆ ನಡೆದು ಶಾಲೆಗೆ ಬರುತ್ತಾರೆ. ಸೈಕಲ್ಲು, ಬಿಸಿಯೂಟ, ಸರಕಾರಿ ವಿದ್ಯಾರ್ಥಿನಿಲಯ, ಇವೆಲ್ಲ ವಿದ್ಯಾಪ್ರಸಾರಕ್ಕೆಂದು ಮಾಡಿದ ಏರ್ಪಾಡುಗಳೆಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅವು ಪೊಲೀಸು ಠಾಣೆಗಿಂತ ದೊಡ್ಡ ಕಾವಲು. ದಿನವೂ ಹತ್ತು ಗಂಟೆಗೆ ಹೆಸರು ಕೂಗಿಸಿಕೊಳ್ಳುವ ಹುಡುಗಿಯನ್ನು ಸದ್ದಿಲ್ಲದೆ ಸಾಗಿಸುವುದು ಕಷ್ಟ.

ನಮ್ಮ ಮನೆಯ ಅಡಿಗೆಮನೆ

ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ಪಟ್ಟಣವಾಸಿಗಳು. ಇದು ಬೇರೆಯವರ ಮನೆಯ ಸುದ್ದಿ ಎಂದು ಪುಟ ತಿರುಗಿಸುವ ಮೊದಲು ಒಂದು ಪ್ರಸಂಗವನ್ನು ಕೇಳಬೇಕು.

ಕೆಲವು ವರ್ಷಗಳ ಕೆಳಗೆ ಬೆಂಗಳೂರಿನಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಗಂಡಹೆಂಡಿರಿಬ್ಬರೂ ವಿದ್ಯಾವಂತರು, ಸಜ್ಜನರು. ಮನೆಯಲ್ಲಿ ಎರಡು ವರ್ಷದ ಮಗು. ನಾನು ಕುಳಿತ ಕೂಡಲೇ ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಮಗುವನ್ನು ಸೊಂಟದ ಮೇಲೆ ಹೊತ್ತು ಬಂದು, “ಆಸರಿಗೆ ಎಂತ ಕುಡಿತ್ರಿ?” ಎಂದಳು. ‘ಆಸರಿಗೆ’ ಎಂಬ ಆ ಒಂದು ಮಾತು ಸಾಕಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಮಾತಲ್ಲ ಅದು. ಬಾಯಾರಿ ಬಂದವರಿಗೆ ಶಿರಸಿ, ಯಲ್ಲಾಪುರಗಳ ಜಗುಲಿಯ ಮೇಲೆ ಕೇಳುವ ಮಾತು.

“ಯಾವ ಊರಾಯಿತು ತಂಗಿ?” ಎಂದೆ.

ಅವಳು ಉತ್ತರ ಹೇಳಲಿಲ್ಲ. ಮೊದಲು ಯಜಮಾನಿತಿಯ ಮುಖ ನೋಡಿದಳು.

“ಘಟ್ಟದ ಕಡೆಯವಳು. ತುಂಬ ಚುರುಕು. ಮನೆಯ ಮಗಳ ಹಾಗೇ ಇದ್ದಾಳೆ,” ಎಂದರು ಆಕೆ. “ಬರುವ ವರ್ಷ ಶಾಲೆಗೂ ಸೇರಿಸಬೇಕು ಅಂತಿದ್ದೇವೆ.”

“ಸಂಬಳ?”

“ಕರೆತಂದವರ ಕೈಗೇ ಕೊಟ್ಟುಬಿಡುತ್ತೇವೆ. ಅವರು ಊರಿಗೆ ಮುಟ್ಟಿಸುತ್ತಾರೆ.”

ಮುಟ್ಟಿಸುತ್ತಿದ್ದರೋ ಇಲ್ಲವೋ ವಿಚಾರಿಸಿದವರಿರಲಿಲ್ಲ. ಹುಡುಗಿಯ ತಂದೆಯ ಹೆಸರು ಅವರಿಗೆ ತಿಳಿದಿರಲಿಲ್ಲ. ಊರಿನ ಹೆಸರೂ ಸರಿಯಾಗಿ ಬಾರದು. ತಿಳಿದಿದ್ದುದು ಕರೆತಂದವನ ಮೊಬೈಲ್ ಸಂಖ್ಯೆ ಒಂದೇ. ನಾನು ಕಾನೂನಿನ ಮಾತು ಎತ್ತಿದಾಗ ಗಂಡಸು ಸ್ವಲ್ಪ ಮುನಿದರು. “ಊರಲ್ಲಿದ್ದಿದ್ದರೆ ಇವಳಿಗೆ ಎರಡು ಹೊತ್ತು ಊಟ ಸಿಗುತ್ತಿತ್ತೆ ಸಾರ್?” ಎಂದರು. ಆಕೆ ಮಾತ್ರ ಸುಮ್ಮನಾದರು. ಆ ವರ್ಷದ ಬೇಸಿಗೆ ಮುಗಿಯುವುದರೊಳಗೆ ಆಕೆಯೇ ಹುಡುಗಿಯ ಊರನ್ನು ಹುಡುಕಿಸಿ, ರಜ ಹಾಕಿ, ಸ್ವತಃ ಕರೆದುಕೊಂಡು ಹೋಗಿ ತಾಯಿಯ ಕೈಗೆ ಒಪ್ಪಿಸಿ ಬಂದರೆಂದು ಆಮೇಲೆ ತಿಳಿಯಿತು. ಹದಿನಾಲ್ಕು ತಿಂಗಳ ಸಂಬಳದಲ್ಲಿ ಆ ತಾಯಿಗೆ ಮುಟ್ಟಿದ್ದುದು ಎರಡು ತಿಂಗಳದು.

ಈ ದಂಪತಿಗಳನ್ನು ನಾನು ದುಷ್ಟರೆನ್ನಲಾರೆ. ಆದರೆ ಕೊಳ್ಳುವವರಿಲ್ಲದ ಸಂತೆಗೆ ಯಾರೂ ಸರಕು ಹೊರುವುದಿಲ್ಲ. ಹದಿನಾಲ್ಕು ತುಂಬದ ಮಗುವನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧವಾಗಿದೆ. 2016ರ ತಿದ್ದುಪಡಿಯ ನಂತರ ಆ ವಯಸ್ಸಿನವರನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ತಮ್ಮ ಮನೆಯವರಿಗೆ ನೆರವಾಗುವಂಥ ಕೆಲವು ವಿನಾಯಿತಿಗಳಷ್ಟೇ ಉಳಿದಿವೆ. 2015ರ ಬಾಲನ್ಯಾಯ ಕಾಯಿದೆಯ 79ನೆಯ ಕಲಮು ಇನ್ನೂ ಮುಂದೆ ಹೋಗಿ, ಹದಿನೆಂಟರೊಳಗಿನವರನ್ನು ದುಡಿತಕ್ಕಾಗಿ ಕಟ್ಟಿಹಾಕಿದವರಿಗೆ, ಅವರ ಗಳಿಕೆಯನ್ನು ತಡೆಹಿಡಿದವರಿಗೆ ಐದು ವರ್ಷಗಳವರೆಗಿನ ಸಜೆಯನ್ನೂ ಒಂದು ಲಕ್ಷ ರೂಪಾಯಿ ದಂಡವನ್ನೂ ವಿಧಿಸಿದೆ. ‘ಮನೆಯ ಮಗಳ ಹಾಗೆ’ ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಡೆಯದು. ಮನೆಯ ಮಗಳು ಊರಿನ ಹೆಸರು ಹೇಳಲು ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಹೋದವಳಿಗೆ ಆಗುವುದೇನು?

ಮನೆಗೆಲಸಕ್ಕೆ ಹೋದವಳ ಗತಿ ಎಷ್ಟೋ ಮೇಲು. ಮಾಂಸದ ಮಾರುಕಟ್ಟೆಗೆ ಬಿದ್ದವಳ ಕತೆ ಬೇರೆ. ಉತ್ತರ ಕನ್ನಡಕ್ಕೆ ನೆರೆಯ ಗೋವೆಯ ವಾಸ್ಕೊದಲ್ಲಿ ಬೈನಾ ಎಂಬ ಕಡಲತೀರವಿದೆ. ಅಲ್ಲಿನ ವೇಶ್ಯಾವಾಟಿಕೆಯಲ್ಲಿ ಕರ್ನಾಟಕದಿಂದ ಹೋದ ಹೆಂಗಸರ ಸಂಖ್ಯೆ ದೊಡ್ಡದಿತ್ತು. 2004ರ ಜ್ಯೇಷ್ಠದ ಮಳೆಯಲ್ಲಿ, ಜೂನ್ ತಿಂಗಳಲ್ಲಿ, ಗೋವಾ ಸರಕಾರ ಅಲ್ಲಿನ ಗುಡಿಸಲುಗಳನ್ನು ನೆಲಸಮ ಮಾಡಿತು. ಬೀದಿ ಸ್ವಚ್ಛವಾಯಿತು, ಹೆಂಗಸರು ದಿಕ್ಕಾಪಾಲಾದರು, ವ್ಯಾಪಾರ ಗೋಡೆಗಳ ಹಿಂದಕ್ಕೆ, ಲಾಜುಗಳಿಗೆ, ಬಾಡಿಗೆಯ ಮನೆಗಳಿಗೆ ಸರಿಯಿತು.

ಮಾರಾಟವಾದ ಹುಡುಗಿಗೆ ಮೊದಲು ಹೇಳಿಕೊಡುವುದು ಲೆಕ್ಕ. ನಿನಗೆ ಇಷ್ಟು ಕೊಟ್ಟಿದ್ದೇವೆ, ಊಟಕ್ಕೆ ಇಷ್ಟು, ಸೀರೆಗೆ ಇಷ್ಟು, ಔಷಧಿಗೆ ಇಷ್ಟು; ಸಾಲ ತೀರುವ ತನಕ ಹೊರಗೆ ಕಾಲಿಡಕೂಡದು. ಆ ಸಾಲ ತೀರದಂತೆ ನೋಡಿಕೊಳ್ಳುವುದೇ ಘರವಾಲಿಯ ಜಾಣತನ. ಪೊಲೀಸರು ಬಂದರೆ ಜೈಲಿಗೆ ಹಾಕುವುದು ನಿನ್ನನ್ನೇ ಎಂದು ಹೆದರಿಸುತ್ತಾರೆ. ರೋಗ, ಬಸಿರು, ಕುಡಿತ ಇವುಗಳನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಹದಿನೈದರಲ್ಲಿ ಹೋದವಳಿಗೆ ಇಪ್ಪತ್ತೈದರಲ್ಲಿ ಮುಪ್ಪು ಬಂದಿರುತ್ತದೆ.

ನಮ್ಮ ನಾಡಿನಲ್ಲಿ ಈ ದಾರಿಗೆ ದೇವರ ಹೆಸರೂ ಇತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆ ಎಳೆಯ ಹುಡುಗಿಯರಿಗೆ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುತ್ತಿದ್ದರು. ಮುಂದೆ ಅವರಲ್ಲಿ ಎಷ್ಟೋ ಮಂದಿಯ ದಾರಿ ಮುಂಬಯಿ, ಪುಣೆಗಳತ್ತ ಹೋಯಿತು. ಕರ್ನಾಟಕದ ಶಾಸನಸಭೆ 1982ರಲ್ಲಿ ಅದನ್ನು ನಿಷೇಧಿಸಿತು. ಹಾಗಿದ್ದೂ 1993–94ರ ಸಮೀಕ್ಷೆಯಲ್ಲಿ 22,873 ಮಂದಿಯನ್ನೂ 2007–08ರ ಸಮೀಕ್ಷೆಯಲ್ಲಿ ಮತ್ತೆ 23,787 ಮಂದಿಯನ್ನೂ ಸರಕಾರವೇ ಗುರುತಿಸಿತು. ಬಾಲ್ಯದಲ್ಲಿಯೇ ಹೀಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಒಬ್ಬರು ಸೀತವ್ವ ಜೋಡಟ್ಟಿ. ಅವರು ಅಳುತ್ತ ಕೂರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ತಮ್ಮಂಥವರನ್ನೇ ಕೂಡಿಸಿಕೊಂಡು, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿ, ಜಾತ್ರೆಗಳಲ್ಲಿಯೇ ನಿಂತು ಮುತ್ತು ಕಟ್ಟುವುದನ್ನು ತಡೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯೂ ಮೂರು ದಶಕಗಳಿಗೂ ಮೀರಿ ಇಂಥ ಹುಡುಗಿಯರನ್ನು ಬಿಡಿಸಿ ತರುವ ಕೆಲಸದಲ್ಲಿದೆ.

ಬಿಡಿಸಿ ತಂದ ಮೇಲೆ ನ್ಯಾಯಾಲಯದ ಮೆಟ್ಟಿಲು. ಬೆಂಗಳೂರಿನ ಪೀಣ್ಯದ ಬಾಡಿಗೆ ಮನೆಯೊಂದರಿಂದ ಅಪ್ರಾಪ್ತ ಬಾಲಿಕೆಯೊಬ್ಬಳನ್ನು ಪೊಲೀಸರು ಬಿಡಿಸಿದುದು 2010ರಲ್ಲಿ. ಆ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದಲ್ಲಿ ಕೊನೆಗೊಂಡುದು 2025ರ ಡಿಸೆಂಬರಿನಲ್ಲಿ. ಶಿಕ್ಷೆಯನ್ನು ಎತ್ತಿಹಿಡಿದ ನ್ಯಾಯಪೀಠ, ಸಾಗಾಣಿಕೆಗೆ ಬಲಿಯಾದ ಬಾಲಿಕೆಯನ್ನು ಅಪರಾಧದ ಪಾಲುದಾರಳೆಂದು ನೋಡಕೂಡದು, ಗಾಯಗೊಂಡ ಸಾಕ್ಷಿಯ ಮಾತಿಗೆ ಕೊಡುವ ಬೆಲೆಯನ್ನೇ ಅವಳ ಮಾತಿಗೂ ಕೊಡಬೇಕು, ಹೇಳಿಕೆಯಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ಹಿಡಿದು ಅವಳನ್ನು ಸುಳ್ಳುಗಾತಿಯೆನ್ನಬಾರದು ಎಂದಿತು. ಈ ಮಾತು ಕೇಳಲು ಆ ಬಾಲಿಕೆ ಹದಿನೈದು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಅವಳು ಬಾಲಿಕೆಯಾಗಿ ಉಳಿದಿರಲಿಲ್ಲ.

ನ್ಯಾಯಾಧೀಶರು ನಂಬಿದ್ದನ್ನು ಊರು ನಂಬಬೇಕಲ್ಲ! ಹಿಂತಿರುಗಿ ಬಂದ ಹುಡುಗಿಯನ್ನು ‘ಕೆಟ್ಟು ಬಂದವಳು’ ಎನ್ನುವ ನಾಲಗೆಗಳು ಎಲ್ಲ ಊರಲ್ಲೂ ಇವೆ. ಅವಳನ್ನು ಬಸ್ಸು ಹತ್ತಿಸಿಕೊಂಡು ಹೋದ ‘ಮಾವ’ನಿಗೆ ಮಾತ್ರ ಮದುವೆಮುಂಜಿಗಳಲ್ಲಿ ಮೊದಲಿನ ಪಂಕ್ತಿಯಲ್ಲಿಯೇ ಎಲೆ ಬೀಳುತ್ತದೆ. ಅಕ್ಕನ ಸುದ್ದಿ ತಿಳಿದರೆ ತಂಗಿಗೆ ಗಂಡು ಸಿಗದು ಎಂಬ ಅಂಜಿಕೆಯಿಂದ ತಂದೆತಾಯಿಯರೇ ದೂರು ಕೊಡುವುದಿಲ್ಲ. ದೂರಿಲ್ಲವಾದ್ದರಿಂದ ಅದೇ ಮನುಷ್ಯ ಮರುವರ್ಷ ಪಕ್ಕದ ಕೇರಿಗೆ ಬರುತ್ತಾನೆ. ಹಾಗೆ ಬಂದವಳ ಹೆಸರು, ಊರು, ಶಾಲೆ, ಭಾವಚಿತ್ರ ಯಾವುದನ್ನೂ ಪ್ರಕಟಿಸಕೂಡದೆಂದು ಬಾಲನ್ಯಾಯ ಕಾಯಿದೆಯೂ 2012ರ ಪೋಕ್ಸೊ ಕಾಯಿದೆಯೂ ಕಟ್ಟಪ್ಪಣೆ ಮಾಡಿವೆ. ಪತ್ರಿಕೆಗಳು ಇದನ್ನು ಬಹುಮಟ್ಟಿಗೆ ಪಾಲಿಸುತ್ತವೆ; ಪಾಲಿಸದಿರುವುದು ವಾಟ್ಸಾಪಿನ ಗುಂಪುಗಳು.

ಕೈಯಲ್ಲಿರುವುದು

‘ಎರಡು ದಿನ ನೋಡೋಣ, ತಾನಾಗಿ ಬಂದಾಳು’ ಎಂಬ ಮಾತನ್ನು ಠಾಣೆಯಲ್ಲಿಯೂ ಮನೆಯಲ್ಲಿಯೂ ಹೇಳುವ ರೂಢಿ ಇತ್ತು. 2013ರ ಮೇ 10ರಂದು, ಬಚಪನ್ ಬಚಾವೋ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತೆರೆ ಎಳೆಯಿತು. ಮಗು ಕಾಣೆಯಾದ ದೂರು ಬಂದರೆ ಪೊಲೀಸರು ಪ್ರಥಮ ವರ್ತಮಾನ ವರದಿಯನ್ನು ಬರೆದುಕೊಳ್ಳಲೇಬೇಕು. ಅಪಹರಣವೋ ಸಾಗಾಣಿಕೆಯೋ ಆಗಿರಬಹುದೆಂದು ಭಾವಿಸಿಯೇ ಹುಡುಕಾಟ ಆರಂಭಿಸಬೇಕು. ಬರೆದುಕೊಳ್ಳಲು ಹಿಂದೆಗೆದರೆ ಈ ಆದೇಶದ ಹೆಸರು ಹೇಳಿ ಕೇಳುವ ಹಕ್ಕು ಕೂಲಿಯಾಳಿಗೂ ಇದೆ. ಮೊದಲ ದಿನಗಳಲ್ಲಿ ಹುಡುಗಿ ಇನ್ನೂ ದಾರಿಯಲ್ಲಿಯೇ ಇರಬಹುದು. ದಿನ ಕಳೆದಷ್ಟೂ ಕೈ ಬದಲಾಗುತ್ತಾಳೆ, ಹೆಸರೂ ಬದಲಾಗುತ್ತದೆ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಹಿಳೆಯರ, ಮಕ್ಕಳ ಸಾಗಾಣಿಕೆ ತಡೆಯುವ ಕಾವಲು ಸಮಿತಿಗಳಿರಬೇಕೆಂಬ ಏರ್ಪಾಡಿದೆ. ಕಾಗದದ ಮೇಲಿನ ಸಮಿತಿಯನ್ನು ಅಂಗಳಕ್ಕೆ ಇಳಿಸುವುದು ದೊಡ್ಡ ಕೆಲಸವೇನಲ್ಲ. ಊರು ಬಿಟ್ಟು ಕೆಲಸಕ್ಕೋ ಮದುವೆಗೋ ಹೋಗುವ ಹುಡುಗಿಯ ಹೆಸರು, ಹೋದ ಸ್ಥಳ, ಕರೆದೊಯ್ದವನ ವಿಳಾಸ, ಅವನ ಗುರುತಿನ ಚೀಟಿಯ ನಕಲು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಸಾಚಾ ಮನುಷ್ಯ ವಿಳಾಸ ಬರೆಸಿ ಹೋಗುತ್ತಾನೆ. ಉಳಿದವನಿಗೆ ಆ ದಿನ ಬಸ್ಸಿಗೆ ಹೊತ್ತಾಗುತ್ತದೆ.

ಶಾಲೆಯಲ್ಲಿಯೂ ಒಂದು ಗುರುತು ಇದೆ. ನಿಜವಾಗಿ ಊರು ಬದಲಾಯಿಸಿದ ಮನೆಯವರು ಇಂದಲ್ಲ ನಾಳೆ ಟಿ.ಸಿ. ಕೇಳಿಕೊಂಡು ಬರುತ್ತಾರೆ. ಟಿ.ಸಿ. ಕೇಳದೆಯೇ ಒಂದು ವಾರ ಕಾಣದಾದ ಹೆಸರಿನ ಮನೆಗೆ ಮಾಸ್ತರೋ ಅಕ್ಕೋರೋ ಒಂದು ಸಂಜೆ ಹೋಗಿಬರಬಹುದು. ಮಗಳು ಎಲ್ಲಿದ್ದಾಳೆಂದು ಕೇಳುವುದಕ್ಕಿಂತ, ಅವಳೊಡನೆ ಈಗಲೇ ಫೋನಿನಲ್ಲಿ ಮಾತನಾಡಿಸಿ ಎಂದು ಕೇಳುವುದು ಮೇಲು. ಮಾತನಾಡಿಸಲು ಆಗದ ಮನೆಯಲ್ಲಿ ಚಹಾ ಕುಡಿಯುತ್ತ ಕೂರದೆ 1098ಕ್ಕೆ ತಿಳಿಸಬೇಕು. ಹಗಲೂ ರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ ಅದು, ಹಣ ಬೀಳುವುದಿಲ್ಲ. ಒಡನೆಯೇ ಪೊಲೀಸರು ಬೇಕಾದರೆ 112. ಭಾವಚಿತ್ರ ಹಿಡಿದು ಬೆದರಿಸುವವನಿದ್ದರೆ ಸೈಬರ್ ಅಪರಾಧದ 1930.

ಈ ಸಂಖ್ಯೆಗಳ ಜೊತೆಗೆ ಹುಡುಗಿಗೆ ತನ್ನ ಮನೆಯ ಸಂಖ್ಯೆಯೂ ಬಾಯಿಪಾಠ ಬರಬೇಕು. ಮೊಬೈಲಿನಲ್ಲಿ ಬರೆದಿಟ್ಟಿದೆಯಲ್ಲ ಎನ್ನುವವರುಂಟು. ಸಾಗಿಸುವವನು ಬಸ್ಸು ಇಳಿದೊಡನೆ ಮೊದಲು ಕಿತ್ತುಕೊಳ್ಳುವುದು ಅದನ್ನೇ.